ರೋಗಿಯ ತಟ್ಟೆ, ಮನೆಯ ಹೊಣೆ

(ಕುಟುಂಬ ಸಮ್ಮಿಲನವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಸ್ತ್ರಚಿಕಿತ್ಸೆಯ ಕುರಿತು ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಯೆಲ್ಲವೂ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತುಬಿಡುತ್ತದೆ. ಯಾವ ಆಸ್ಪತ್ರೆ, ಯಾವ ವೈದ್ಯರು, ಎಷ್ಟು ಖರ್ಚು, ವಿಮೆಯ ಕಾರ್ಡು ನಡೆಯುತ್ತದೆಯೇ, ರಕ್ತ ಯಾರು ಕೊಡುತ್ತಾರೆ? ಇವೆಲ್ಲವೂ ಅಗತ್ಯ ಪ್ರಶ್ನೆಗಳೇ. ಆದರೆ ‘ಆಪರೇಷನ್ ಯಶಸ್ವಿಯಾಯಿತು’ ಎಂಬ ಒಂದು ವಾಕ್ಯ ಕಿವಿಗೆ ಬಿದ್ದೊಡನೆ ನಾವು ದೇವನನ್ನು ಸ್ತುತಿಸಿ, ಬಂಧುಗಳಿಗೆ ಫೋನ್ ಮಾಡಿ, ಎಲ್ಲವೂ ಮುಗಿಯಿತೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅಲ್ಲಿ ಮುಗಿಯುವುದು ವೈದ್ಯರ ಎರಡು ತಾಸಿನ ಕೆಲಸ. ಮನೆಯವರ ಎರಡು ಮೂರು ತಿಂಗಳ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.

ಸೊಂಟದ ಮೂಳೆ ಮುರಿದು ರಾಡ್ ಹಾಕಿಸಿಕೊಂಡ ತಾಯಿ, ಮೊಣಕಾಲು ಬದಲಿಸಿಕೊಂಡ ತಂದೆ, ಅಪಘಾತದಲ್ಲಿ ಕಾಲು ಮುರಿದುಕೊಂಡ ತಮ್ಮ, ಇಂಥವರಿಲ್ಲದ ಓಣಿ ಇಂದು ನಮ್ಮ ಪಟ್ಟಣಗಳಲ್ಲಿ ವಿರಳ. ಅವರು ಹಾಸಿಗೆಯಿಂದ ಶೌಚಾಲಯದವರೆಗೆ ವಾಕರ್ ಹಿಡಿದು ಹೋಗುವುದೇ ಒಂದು ಪ್ರಯಾಣ. ಅಡುಗೆ ಮನೆ ಅವರಿಗೆ ಸದ್ಯಕ್ಕೆ ದೂರದ ಊರು. ಅವರು ಏನು ತಿನ್ನುತ್ತಾರೆ, ಎಷ್ಟು ಕುಡಿಯುತ್ತಾರೆ ಎಂಬುದನ್ನು ಈಗ ಅವರು ನಿರ್ಧರಿಸುವುದಿಲ್ಲ, ನಾವು ನಿರ್ಧರಿಸುತ್ತೇವೆ. ಆದ್ದರಿಂದಲೇ ರೋಗಿಯ ತಟ್ಟೆಯು ಮನೆಯ ಹೊಣೆಗಾರಿಕೆಯಾಗಿದೆ. ಇಂದು ನಾವು ಮಾತನಾಡಬೇಕಾಗಿರುವುದು ಇದರ ಕುರಿತೇ.

ಮಲಗಿರುವ ದೇಹ ಸುಮ್ಮನಿರುವುದಿಲ್ಲ

‘ಕೆಲಸವಿಲ್ಲ, ಓಡಾಟವಿಲ್ಲ, ಮಲಗಿರುವವರಿಗೆ ಹೆಚ್ಚು ಆಹಾರ ಏಕೆ ಬೇಕು?’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಇದರಲ್ಲಿ ಅರ್ಧ ಸತ್ಯವಿದೆ. ಓಡಾಡದವರಿಗೆ ಅನ್ನ, ಎಣ್ಣೆ, ಸಕ್ಕರೆ ಹೆಚ್ಚು ಬೇಕಾಗಿಲ್ಲ. ಆದರೆ ಹೊರಗಿನಿಂದ ಸುಮ್ಮನೆ ಮಲಗಿದಂತೆ ಕಾಣುವ ಆ ದೇಹದೊಳಗೆ ಕೊಯ್ದ ಚರ್ಮ ಕೂಡಬೇಕು, ಮಾಂಸ ಬೆಸೆಯಬೇಕು, ಮೂಳೆ ಬಲಿಯಬೇಕು, ಕಳೆದುಹೋದ ರಕ್ತ ಮತ್ತೆ ಹುಟ್ಟಬೇಕು. ಈ ನಿರ್ಮಾಣಕ್ಕೆ ಬೇಕಾದ ಇಟ್ಟಿಗೆಯೇ ಪ್ರೋಟೀನು. ಅದು ತಟ್ಟೆಯಿಂದ ಬಾರದಿದ್ದರೆ ದೇಹವು ತನ್ನದೇ ಸ್ನಾಯುಗಳನ್ನು ಒಡೆದು ಉಪಯೋಗಿಸಿಕೊಳ್ಳುತ್ತದೆ. ಮನೆ ದುರಸ್ತಿಗೆ ಅದೇ ಮನೆಯ ಗೋಡೆಯ ಇಟ್ಟಿಗೆ ಕಿತ್ತ ಹಾಗೆ.

ಇನ್ನೊಂದು ಕಡೆ ಸ್ನಾಯುವಿಗೆ ಕೆಲಸವಿಲ್ಲದಿದ್ದರೆ ಅದು ತಾನಾಗಿಯೇ ಕರಗುತ್ತದೆ. 2007ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಂತರಾದ ಹಿರಿಯ ವಯಸ್ಸಿನವರನ್ನು ಕೇವಲ 10 ದಿನ ಹಾಸಿಗೆಯಲ್ಲೇ ಇರಿಸಲಾಯಿತು. ಅವರ ಕಾಲುಗಳಿಂದ ಸರಾಸರಿ ಸುಮಾರು ಒಂದು ಕಿಲೋದಷ್ಟು ಮಾಂಸಲ ಭಾಗ ಕಡಿಮೆಯಾಯಿತು. ಗಮನಿಸಿ, ಅವರಿಗೆ ಕಾಯಿಲೆಯಿರಲಿಲ್ಲ, ಗಾಯವಿರಲಿಲ್ಲ. ಹೀಗಿರುವಾಗ ಸೊಂಟ ಮುರಿದು, ನೋವಿನಿಂದ ಊಟ ಸೇರದೆ, ತಿಂಗಳುಗಟ್ಟಲೆ ಮಲಗಿರುವ ಎಪ್ಪತ್ತರ ವೃದ್ಧೆಯ ಕಾಲಿನಲ್ಲಿ ಏನು ಉಳಿಯಬಹುದು? ‘ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆದರೆ ಅಮ್ಮ ಮತ್ತೆ ಎದ್ದು ನಡೆಯಲೇ ಇಲ್ಲ’ ಎಂದು ನಿಟ್ಟುಸಿರು ಬಿಡುವ ಎಷ್ಟೋ ಮನೆಗಳಲ್ಲಿ, ಅವರ ತಟ್ಟೆಯಲ್ಲಿ ಏನಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ.

ಲೆಕ್ಕವನ್ನೊಮ್ಮೆ ನೋಡೋಣ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. 60 ಕಿಲೋ ತೂಕದವರಿಗೆ ಅದು ಸುಮಾರು 50 ಗ್ರಾಂ. ಶಸ್ತ್ರಚಿಕಿತ್ಸೆಯಿಂದ ಚೇತರಿಸುತ್ತಿರುವವರಿಗೆ ಪೋಷಣಾ ತಜ್ಞರು ಸಾಮಾನ್ಯವಾಗಿ ಕಿಲೋಗೆ 1.2ರಿಂದ 1.5 ಗ್ರಾಂ ಎನ್ನುತ್ತಾರೆ. ಅಂದರೆ 72ರಿಂದ 90 ಗ್ರಾಂ. ನಮ್ಮ ಮನೆಗಳ ‘ಪಥ್ಯ’ವೇನು? ಬೆಳಿಗ್ಗೆ ಚಹಾ ರಸ್ಕ್, ಮಧ್ಯಾಹ್ನ ಗಂಜಿ ಉಪ್ಪಿನಕಾಯಿ, ಸಂಜೆ ಬನ್ನು, ರಾತ್ರಿ ತಿಳಿಸಾರಿನ ಅನ್ನ. ಇಷ್ಟನ್ನೂ ಕೂಡಿಸಿದರೆ 30 ಗ್ರಾಂ ಕೂಡಾ ತಲುಪುವುದಿಲ್ಲ. ಹೊಟ್ಟೆ ತುಂಬಿರುತ್ತದೆ, ಆದರೆ ದೇಹ ಹಸಿದಿರುತ್ತದೆ.

ನಂಜು ಎಂಬ ಭಯ

ಮೊಟ್ಟೆ ಕೊಡಬೇಡಿ, ಹೊಲಿಗೆ ಕೀವಾಗುತ್ತದೆ. ಮೀನು ಬೇಡ, ನಂಜು. ಬೇಳೆ ಬೇಡ, ಬದನೆ ಬೇಡ, ಆಲೂಗಡ್ಡೆ ಬೇಡ. ಹೊಲಿಗೆಯ ಗಾಯವಿರುವ ಮನೆಗೆ ಬರುವ ಪ್ರತಿಯೊಬ್ಬ ಹಿರಿಯರೂ ಈ ಪಟ್ಟಿಗೆ ಒಂದನ್ನು ಸೇರಿಸಿ ಹೋಗುತ್ತಾರೆ. ಅವರ ಕಾಳಜಿಯನ್ನು ನಾವು ಗೌರವಿಸಬೇಕು. ಆದರೆ ಸತ್ಯವನ್ನೂ ಹೇಳಬೇಕು. ಗಾಯ ಕೀವಾಗುವುದು ರೋಗಾಣುಗಳಿಂದ. ಸ್ವಚ್ಛತೆಯಿಲ್ಲದ ಕೈಯಿಂದ, ಒದ್ದೆಯಾದ ಪಟ್ಟಿಯಿಂದ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಿಂದ, ಬೀಡಿ ಸಿಗರೇಟಿನಿಂದ ಅವುಗಳಿಗೆ ದಾರಿಯಾಗುತ್ತದೆ. ಚೆನ್ನಾಗಿ ಬೆಂದ ಮೊಟ್ಟೆಯಿಂದಲೋ ಮೀನಿನಿಂದಲೋ ಅಲ್ಲ. ಒಬ್ಬರಿಗೆ ನಿರ್ದಿಷ್ಟ ಆಹಾರವೊಂದು ಹಿಂದಿನಿಂದಲೂ ಅಲರ್ಜಿಯಾಗಿದ್ದರೆ ಆ ಮಾತು ಬೇರೆ. ದುರದೃಷ್ಟವೆಂದರೆ, ನಂಜಿನ ಪಟ್ಟಿಯಲ್ಲಿ ನಾವು ನಿಷೇಧಿಸುವ ಹೆಚ್ಚಿನ ಪದಾರ್ಥಗಳೇ ಗಾಯ ಮಾಯಲು ಅತ್ಯಗತ್ಯವಾದವು.

ಆಹಾರಕ್ಕೂ ಗಾಯಕ್ಕೂ ಇರುವ ಸಂಬಂಧಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಬೋಸ್ಟನ್ ನಗರದ ಜಾನ್ ಕ್ರ್ಯಾಂಡನ್ ಎಂಬ ಯುವ ಶಸ್ತ್ರವೈದ್ಯರು ಆರು ತಿಂಗಳ ಕಾಲ ವಿಟಮಿನ್ ಸಿ ಇಲ್ಲದ ಆಹಾರವನ್ನೇ ಸೇವಿಸಿ, ತಮ್ಮ ಬೆನ್ನಿನ ಮೇಲೆ ಗಾಯ ಮಾಡಿಸಿಕೊಂಡು ಪರೀಕ್ಷಿಸಿದರು. ಮೂರು ತಿಂಗಳಾದಾಗ ಮಾಡಿದ ಗಾಯ ಮಾಯಿತು. ಆರು ತಿಂಗಳಾದಾಗ ಮಾಡಿದ ಗಾಯ ಮೇಲ್ಚರ್ಮದ ಕೆಳಗೆ ಕೂಡಲೇ ಇಲ್ಲ. ವಿಟಮಿನ್ ಸಿ ಕೊಟ್ಟ ಬಳಿಕ ಅದೇ ಗಾಯ ಕೂಡಿಕೊಂಡಿತು. 1940ರಲ್ಲಿ ಅವರು ಇದನ್ನು ಪ್ರಕಟಿಸಿದರು. ನಮ್ಮ ಸಂತೆಯಲ್ಲಿ ಸಿಗುವ ಒಂದು ಸೀಬೆ ಹಣ್ಣು ದಿನದ ಅಗತ್ಯಕ್ಕಿಂತಲೂ ಹೆಚ್ಚು ವಿಟಮಿನ್ ಸಿ ಕೊಡುತ್ತದೆ. ನೆಲ್ಲಿಕಾಯಿ, ನಿಂಬೆ, ಕಿತ್ತಳೆ ಇವೆಲ್ಲವೂ ಅದೇ ಬಳಗದವು. ‘ಶೀತವಾಗುತ್ತದೆ’ ಎಂದು ನಾವು ದೂರವಿಡುವುದೂ ಇವನ್ನೇ!

ಮೂಳೆ ಮುರಿದವರಿಗೆ ಪಾಯ ಸೂಪು ಕೊಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಬಿಸಿಯಾದ ಸೂಪು ನಾಲಿಗೆಗೆ ಹಿತ, ಹಸಿವನ್ನೂ ಕೆರಳಿಸುತ್ತದೆ. ಕೊಡಬಾರದೆಂದು ನಾವು ಹೇಳುವುದಿಲ್ಲ. ಆದರೆ ಅದರಲ್ಲಿ ಮುಖ್ಯವಾಗಿರುವುದು ಕೊಬ್ಬು ಮತ್ತು ಅಂಟಿನಂಥ ಜೆಲಾಟಿನ್. ದೇಹಕ್ಕೆ ಬೇಕಾದ ಎಲ್ಲಾ ಅಂಶಗಳನ್ನು ಒಳಗೊಂಡ ಪ್ರೋಟೀನ್ ಅದಲ್ಲ. ಸುಣ್ಣದ ಅಂಶವೂ ಜನರು ನಂಬಿರುವಷ್ಟು ಅದರೊಳಗೆ ಇಳಿಯುವುದಿಲ್ಲ. ಮೂಳೆಗೆ ಸುಣ್ಣ ಬೇಕೆಂದರೆ ಹಾಲು, ಮೊಸರು, ಮುಳ್ಳು ಸಮೇತ ತಿನ್ನಬಹುದಾದ ಸಣ್ಣ ಮೀನು ಮತ್ತು ನಮ್ಮದೇ ನೆಲದ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತಲೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ.

ಒಂದು ದಿನದ ತಟ್ಟೆ

ಹಾಗಾದರೆ ಏನು ಕೊಡಬೇಕು? ದುಬಾರಿ ಡಬ್ಬಗಳ ಪುಡಿಯನ್ನು ಕೊಳ್ಳಬೇಕೆಂದೇನಿಲ್ಲ. ಬೆಳಿಗ್ಗೆ ಎರಡು ಬೆಂದ ಮೊಟ್ಟೆ ಮತ್ತು ಹಾಲಿನಲ್ಲಿ ಕಾಯಿಸಿದ ರಾಗಿ ಅಂಬಲಿ. ಹನ್ನೊಂದು ಗಂಟೆಗೆ ಒಂದು ಹಣ್ಣು. ಮಧ್ಯಾಹ್ನ ಎರಡು ಚಪಾತಿ ಅಥವಾ ಮಿತವಾದ ಅನ್ನ, ಗಟ್ಟಿ ಬೇಳೆಯ ಒಂದು ಬಟ್ಟಲು, ಸೊಪ್ಪಿನ ಪಲ್ಯ, ಎರಡು ತುಂಡು ಮೀನು. ಸಂಜೆ ಬಿಸ್ಕತ್ತಿನ ಬದಲು ಮೊಳಕೆ ಬರಿಸಿದ ಹೆಸರುಕಾಳಿನ ಉಸಲಿಗೆ ನಿಂಬೆ ಹಿಂಡಿ ಒಂದು ಬಟ್ಟಲು. ರಾತ್ರಿ ಜೋಳದ ರೊಟ್ಟಿ ಅಥವಾ ಚಪಾತಿ, ಎಣ್ಣೆ ಕಡಿಮೆಯಿರುವ ಕೋಳಿ ಸಾರಿನ ಎರಡು ತುಂಡು, ಒಂದು ಬಟ್ಟಲು ಮೊಸರು. ಇಷ್ಟಕ್ಕೆ ಪ್ರೋಟೀನ್ 70 ಗ್ರಾಂ ದಾಟುತ್ತದೆ. ಮೊಟ್ಟೆಯೊಂದಕ್ಕೆ ಸುಮಾರು 6 ಗ್ರಾಂ, ಲೋಟ ಹಾಲಿಗೆ ಸುಮಾರು 6, ಗಟ್ಟಿ ಬೇಳೆಯ ಬಟ್ಟಲಿಗೆ ಆರೇಳು, ನೂರು ಗ್ರಾಂ ಬೆಂದ ಮೀನಿಗೆ ಸುಮಾರು 20 ಎಂಬ ಲೆಕ್ಕ ನೆನಪಿನಲ್ಲಿದ್ದರೆ ಸಾಕು, ಉಳಿದುದನ್ನು ಯಾವ ಗೃಹಿಣಿಯೂ ಹೊಂದಿಸಿಕೊಳ್ಳಬಲ್ಲಳು. ಕರಾವಳಿಯವರಿಗೆ ಬೂತಾಯಿ ಬಂಗುಡೆಯಿದೆ. ಬಯಲುಸೀಮೆಯವರಿಗೆ ಕಡಲೆ, ಹುರುಳಿ, ಶೇಂಗಾ ಇದೆ. ಮಾಂಸ ಮೀನು ಸೇರದವರಿಗೆ ಸೋಯಾ ಮತ್ತು ಪನೀರ್ ಇದೆ.

ಒಮ್ಮೆಲೇ ತಟ್ಟೆ ತುಂಬಿಸಿಕೊಟ್ಟರೆ ರೋಗಿಯು ನೋಡಿಯೇ ಸಾಕೆನ್ನುತ್ತಾನೆ. ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಪ್ರತಿ ಬಾರಿಯೂ ಪ್ರೋಟೀನಿನ ಏನಾದರೊಂದು ಇರಬೇಕು ಮತ್ತು ಅದನ್ನೇ ಮೊದಲು ತಿನ್ನಿಸಬೇಕು. ಮಲಗಿಕೊಂಡು ಉಣ್ಣಿಸಬಾರದು, ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಬೇಕು. ಉಂಡ ಬಳಿಕವೂ ಅರ್ಧ ತಾಸು ಹಾಗೆಯೇ ಕೂರಲಿ. ಇಲ್ಲವಾದರೆ ತುತ್ತು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ತೂಕ ಹೆಚ್ಚಿರುವವರು ‘ಹೇಗೂ ಮಲಗಿದ್ದೇನೆ, ಈಗಲೇ ತೂಕ ಇಳಿಸುತ್ತೇನೆ’ ಎಂದು ಊಟ ಬಿಡುವುದು ಕೂಡಾ ಸಲ್ಲದು. ಈಗ ಇಳಿಯುವುದು ಕೊಬ್ಬಿಗಿಂತ ಹೆಚ್ಚಾಗಿ ಸ್ನಾಯು.

ಒಂದು ಎಚ್ಚರಿಕೆಯೂ ಅಗತ್ಯ. ಮೂತ್ರಪಿಂಡದ ಕಾಯಿಲೆಯಿದ್ದವರಿಗೆ ಪ್ರೋಟೀನನ್ನೂ ಎಳನೀರು, ಬಾಳೆಹಣ್ಣುಗಳನ್ನೂ, ಹೃದಯ ದುರ್ಬಲವಾಗಿರುವವರಿಗೆ ನೀರು ಮತ್ತು ಉಪ್ಪನ್ನೂ ವೈದ್ಯರೇ ನಿರ್ಧರಿಸಬೇಕು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪನ್ನು ಒಂದು ದಿನ ರಾಶಿ, ಇನ್ನೊಂದು ದಿನ ಏನೂ ಇಲ್ಲವೆಂಬಂತೆ ತಿನ್ನದೆ, ದಿನವೂ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ, ನಿಂಬೆಯ ಪಾನಕದೊಂದಿಗೆ ನುಂಗಿದರೆ ಹತ್ತುತ್ತದೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 57 ಶೇಕಡಾ ಮಂದಿ ರಕ್ತಹೀನತೆಯುಳ್ಳವರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಸಿಸೇರಿಯನ್ ಆದ ನಮ್ಮ ಹೆಣ್ಣುಮಕ್ಕಳು ಆಪರೇಷನ್ ಕೊಠಡಿಯನ್ನು ಪ್ರವೇಶಿಸುವಾಗಲೇ ಸಾಲದಲ್ಲಿರುತ್ತಾರೆಂಬುದನ್ನು ಇದು ತಿಳಿಸುತ್ತದೆ. ಬಾಣಂತಿಗೆ ತರಕಾರಿ, ನೀರು ಕೊಡದಿರುವ ಪಥ್ಯವನ್ನು ಇನ್ನಾದರೂ ಕೈಬಿಡೋಣ.

ನೀರು ಕುಡಿಯದ ತಾಯಿ

ಸಹೋದರರೇ, ಈಗ ಹೇಳುವ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ. ನಾವು ಕಂಡ ಒಂದು ಮನೆಯಲ್ಲಿ ಸೊಂಟದ ಆಪರೇಷನ್ ಆದ ವೃದ್ಧ ತಾಯಿಯೊಬ್ಬರು ಮಧ್ಯಾಹ್ನದ ಬಳಿಕ ನೀರು ಮುಟ್ಟುತ್ತಿರಲಿಲ್ಲ. ನಾಲಿಗೆ ಒಣಗಿತ್ತು, ಮೂತ್ರ ಉರಿಯುತ್ತಿತ್ತು, ಐದು ದಿನಗಳಿಂದ ಮಲವಿಸರ್ಜನೆಯಾಗಿರಲಿಲ್ಲ. ‘ಬಾಯಾರಿಕೆಯೇ ಆಗುವುದಿಲ್ಲ’ ಎನ್ನುತ್ತಿದ್ದರು. ಮಗಳು ಒತ್ತಾಯಿಸಿ ಕೇಳಿದಾಗ ನಿಜ ಹೊರಬಿತ್ತು. ರಾತ್ರಿ ಎರಡು ಬಾರಿ ಎಬ್ಬಿಸಿದರೆ ಸೊಸೆಯ ನಿದ್ದೆ ಕೆಡುತ್ತದೆ, ಬೆಳಿಗ್ಗೆ ಅವಳಿಗೆ ಮಕ್ಕಳನ್ನು ಶಾಲೆಗೆ ಕಳುಹಿಸಬೇಕು. ಆದ್ದರಿಂದ ಕುಡಿಯದಿರುವುದೇ ಲೇಸೆಂದು ಅವರು ತೀರ್ಮಾನಿಸಿದ್ದರು. ಸೊಸೆ ಕೆಟ್ಟವಳಾಗಿರಲಿಲ್ಲ. ಯಾರೂ ಅವರನ್ನು ಗದರಿಸಿರಲಿಲ್ಲ. ಆದರೆ ‘ಎಷ್ಟು ಸಲ ಬೇಕಾದರೂ ಎಬ್ಬಿಸಿ’ ಎಂದೂ ಯಾರೂ ಹೇಳಿರಲಿಲ್ಲ.

ಇದು ಆ ಒಬ್ಬ ತಾಯಿಯ ಕಥೆಯಲ್ಲ. ನಲ್ವತ್ತು ವರ್ಷ ಇಡೀ ಮನೆಗೆ ಉಣಬಡಿಸಿ, ಕೊನೆಗೆ ಉಳಿದುದನ್ನು ಉಂಡ ಹೆಣ್ಣಿಗೆ ತನಗಾಗಿ ಒಂದು ಲೋಟ ನೀರು ಕೇಳುವುದೂ ನಾಚಿಕೆಯ ವಿಷಯವಾಗುತ್ತದೆ. ಅವಳು ಕೇಳುವುದಿಲ್ಲ. ಬದಲಿಗೆ ಹಸಿವಿಲ್ಲ ಎನ್ನುತ್ತಾಳೆ, ಸಾಕು ಎನ್ನುತ್ತಾಳೆ. ನಾವು ಅದನ್ನು ನಂಬಿ ತಟ್ಟೆ ಎತ್ತಿಬಿಡುತ್ತೇವೆ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು, ತಲೆಸುತ್ತಿನಿಂದ ಮತ್ತೆ ಬೀಳುವಿಕೆ, ಹೀಗೆ ಒಂದರ ಬೆನ್ನಿಗೆ ಒಂದು ಬರುತ್ತದೆ. ಮಲಗಿರುವ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನೂ ನೀರಿನ ಕೊರತೆ ಹೆಚ್ಚಿಸುತ್ತದೆ. ಬಲವಾದ ನೋವಿನ ಮಾತ್ರೆಗಳೂ ಕಬ್ಬಿಣದ ಮಾತ್ರೆಗಳೂ ಮೊದಲೇ ಮಲವನ್ನು ಗಟ್ಟಿ ಮಾಡುತ್ತವೆ. ವೈದ್ಯರು ಮಿತಿ ಹೇರಿಲ್ಲವಾದರೆ ದಿನಕ್ಕೆ ಆರರಿಂದ ಎಂಟು ಲೋಟ ನೀರು ಬೇಕು. ಹೆಚ್ಚಿನ ಪಾಲನ್ನು ಸಂಜೆಯೊಳಗೆ ಕುಡಿಸಿದರೆ ರಾತ್ರಿಯ ತೊಂದರೆಯೂ ಕಡಿಮೆಯಾಗುತ್ತದೆ. ಹಾಸಿಗೆಯ ಪಕ್ಕದಲ್ಲಿ ಕಮೋಡ್ ಕುರ್ಚಿಯೊಂದನ್ನು ಇರಿಸಿದರೆ, ಒಂದು ಗಂಟೆಯನ್ನೋ ಮೊಬೈಲನ್ನೋ ಕೈಗೆಟಕುವಂತೆ ಇಟ್ಟರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಉಳಿದರ್ಧ ನಮ್ಮ ಮುಖಭಾವದಲ್ಲಿದೆ.

ತಟ್ಟೆಯಲ್ಲಿ ಏನಿದೆ ಎಂಬಷ್ಟೇ ಅದನ್ನು ಹೇಗೆ ಕೊಡುತ್ತೇವೆ ಎಂಬುದೂ ಮುಖ್ಯ. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯ ವಖ್ಫ್ ಪತ್ರದಲ್ಲಿ, ಪ್ರತಿಯೊಬ್ಬ ರೋಗಿಗೂ ಊಟವನ್ನು ಅವನದೇ ಪಾತ್ರೆಯಲ್ಲಿ ಮುಚ್ಚಿ ಕೊಡಬೇಕೆಂಬ ಸೂಚನೆಯಿತ್ತು. ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್, ಶುಶ್ರೂಷೆಯ ಕುರಿತ ತಮ್ಮ ಕೃತಿಯಲ್ಲಿ ರೋಗಿಯ ಆಹಾರ ಯಾವುದಿರಬೇಕೆಂಬುದಕ್ಕೆ ಒಂದು ಅಧ್ಯಾಯವನ್ನೂ ಅದನ್ನು ಉಣ್ಣಿಸುವ ರೀತಿಗೆ ಇನ್ನೊಂದು ಅಧ್ಯಾಯವನ್ನೂ ಮೀಸಲಿಟ್ಟರು. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ, ಆಪರೇಷನ್ ಆದವರನ್ನು ದಿನಗಟ್ಟಲೆ ಉಪವಾಸ ಮಲಗಿಸುವ ಹಳೆಯ ಕ್ರಮವನ್ನು ಪ್ರಶ್ನಿಸಿ, ಬೇಗ ಉಣ್ಣಿಸಿ, ಬೇಗ ನಡೆಸುವ ಪದ್ಧತಿಯನ್ನು ರೂಪಿಸಿದರು. ಇಂದು ಅದು ಜಗತ್ತಿನೆಲ್ಲೆಡೆ ಅಂಗೀಕೃತವಾಗಿದೆ. ಉಣ್ಣುವುದು ಮತ್ತು ನಡೆಯುವುದು ಜೋಡೆತ್ತುಗಳು. ವೈದ್ಯರು ಹೇಳಿದ ವ್ಯಾಯಾಮ ತಪ್ಪಿಸಿದರೆ ತಿಂದ ಪ್ರೋಟೀನ್ ಸ್ನಾಯುವಾಗದು. ತಿನ್ನದೆ ವ್ಯಾಯಾಮ ಮಾಡಿಸಿದರೆ ಕಾಲು ಸಹಕರಿಸದು.

ಸಂದರ್ಶಕರ ಚೀಲ

ರೋಗಿಯ ಸಂದರ್ಶನವು ನಮ್ಮಲ್ಲಿ ಪುಣ್ಯದ ಕೆಲಸ. ಆದರೆ ನಮ್ಮ ಚೀಲದಲ್ಲಿ ಏನಿರುತ್ತದೆ? ಕ್ರೀಮ್ ಬಿಸ್ಕತ್ತು, ಪೊಟ್ಟಣದ ಜ್ಯೂಸ್, ಬೇಕರಿಯ ಸಿಹಿ. ಗಲ್ಫ್‌ನಲ್ಲಿರುವ ಮಗ ಪ್ರೀತಿಯಿಂದ ಕಳುಹಿಸಿದ ಖರ್ಜೂರದ ಪೆಟ್ಟಿಗೆ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಭಾರತದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನ 2023ರಲ್ಲಿ ಹೇಳಿತು. ಶಸ್ತ್ರಚಿಕಿತ್ಸೆಯ ಒತ್ತಡದಿಂದಲೇ ರಕ್ತದ ಸಕ್ಕರೆ ಏರುತ್ತದೆ. ಅದರ ಮೇಲೆ ಈ ಪ್ರೀತಿಯೂ ಸೇರಿದರೆ ಗಾಯ ಮಾಯುವುದಾದರೂ ಹೇಗೆ? ಮುಂದಿನ ಬಾರಿ ಒಂದು ಡಜನ್ ಮೊಟ್ಟೆ, ಒಂದು ಕಿಲೋ ಸೀಬೆ, ಎರಡು ಕಿಲೋ ಹೆಸರುಕಾಳು ಒಯ್ಯೋಣ. ಇನ್ನೂ ಒಳ್ಳೆಯದೆಂದರೆ, ಆ ಮನೆಗೆ ಒಂದು ಹೊತ್ತಿನ ಅಡುಗೆ ಮಾಡಿ ಕಳುಹಿಸೋಣ. ಅಥವಾ ಒಂದು ತಾಸು ಜೊತೆಗೆ ಕುಳಿತು ಮಾತನಾಡುತ್ತಾ ಉಣ್ಣಿಸೋಣ. ಒಂಟಿಯಾಗಿ ಉಣ್ಣುವ ರೋಗಿಯ ತಟ್ಟೆಯಲ್ಲಿ ಅನ್ನ ಉಳಿಯುತ್ತದೆ.

ರಮಝಾನ್ ಹತ್ತಿರ ಬಂದಾಗ ಇನ್ನೊಂದು ಸಮಸ್ಯೆ ತಲೆದೋರುತ್ತದೆ. ‘ಇಷ್ಟು ವರ್ಷ ಒಂದು ಉಪವಾಸವನ್ನೂ ಬಿಟ್ಟಿಲ್ಲ’ ಎಂದು ಹಿರಿಯರು ಹಟ ಹಿಡಿಯುತ್ತಾರೆ. ರೋಗಿಗೆ ಬೇರೆ ದಿನಗಳಲ್ಲಿ ಅದನ್ನು ಪೂರ್ತಿಗೊಳಿಸುವ ರಿಯಾಯಿತಿಯನ್ನು ಸ್ವತಃ ಪವಿತ್ರ ಕುರ್‌ಆನೇ ನೀಡಿದೆ. ಹಾಗಿರುವಾಗ ಆ ಅನುಗ್ರಹವನ್ನು ಸ್ವೀಕರಿಸುವುದು ಭಕ್ತಿಯ ಕೊರತೆಯಲ್ಲ. ಈ ಮಾತನ್ನು ಮಕ್ಕಳಿಗಿಂತ ಮಸೀದಿಯ ಇಮಾಮರು ಮನೆಗೆ ಬಂದು ಹೇಳಿದರೆ ಹೆಚ್ಚು ನಾಟುತ್ತದೆ.

ಕೈಗಳು ಯಾರವು?

ಇಷ್ಟೆಲ್ಲವನ್ನೂ ಮಾಡುವವರು ಯಾರು? ನಮ್ಮ ಮನೆಗಳಲ್ಲಿ ಉತ್ತರ ಸಿದ್ಧವಾಗಿದೆ: ಸೊಸೆ, ಮಗಳು. ಐದಾರು ಬಾರಿ ಉಣ್ಣಿಸುವುದು, ರಾತ್ರಿ ಎಬ್ಬಿಸುವುದು, ಬಟ್ಟೆ ಬದಲಿಸುವುದು, ಜೊತೆಗೆ ಉಳಿದವರ ಅಡುಗೆ. ಒಬ್ಬಳೇ ಹೊತ್ತರೆ ಮೂರನೇ ವಾರದಲ್ಲಿ ಅವಳೂ ಕುಸಿಯುತ್ತಾಳೆ. ಮಗ ಮೊಟ್ಟೆ ಬೇಯಿಸಲಾರನೇ? ಗಂಡ ರಾತ್ರಿಯ ಪಾಳಿ ವಹಿಸಲಾರನೇ? ಮೊಮ್ಮಗ ಗಂಟೆಗೊಮ್ಮೆ ನೀರಿನ ಲೋಟ ಹಿಡಿಯಲಾರನೇ? ಗೋಡೆಗೆ ಒಂದು ಹಾಳೆ ಅಂಟಿಸಿ, ಯಾವ ಹೊತ್ತಿಗೆ ಏನು, ಯಾರು ಎಂದು ಬರೆದಿಟ್ಟರೆ ಸಾಕು, ಹೊರೆ ಹಂಚಿಹೋಗುತ್ತದೆ. ರೋಗಿಯು ಒಂಟಿಯಾಗಿರುವ ಮನೆಯಲ್ಲಿ ಫ್ಲಾಸ್ಕ್, ಹಣ್ಣು, ಹುರಿಗಡಲೆ ಎಲ್ಲವೂ ಸೊಂಟದ ಎತ್ತರದಲ್ಲಿ ಕೈಗೆ ಸಿಗುವಂತಿರಲಿ. ವಾಕರ್ ಹಿಡಿದವರು ಬಿಸಿ ಪಾತ್ರೆ ಒಯ್ಯುವ ಸಾಹಸ ಮಾಡದಿರಲಿ.

ವ್ಯವಸ್ಥೆಗೂ ಒಂದು ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಇದು ಸ್ವಾಗತಾರ್ಹ. ಆದರೆ ಲಕ್ಷಗಟ್ಟಲೆ ವೆಚ್ಚದ ಚಿಕಿತ್ಸೆಯನ್ನು ಉಳಿಸಿಕೊಳ್ಳುವ ಊಟದ ಬಗ್ಗೆ ಬಿಡುಗಡೆಯ ದಿನ ರೋಗಿಯ ಕೈಗೆ ಸಿಗುವುದು ಇಂಗ್ಲಿಷಿನ ಒಂದು ಸಾಲು. ಯಾವ ಊಟ, ಎಷ್ಟು, ಎಷ್ಟು ದಿನ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಡಲು ಎಷ್ಟು ಖರ್ಚಾಗುತ್ತದೆ? ಅದನ್ನು ಕೇಳುವುದು ನಮ್ಮ ಹಕ್ಕು. ಕೇಳದೆ ಆಸ್ಪತ್ರೆಯಿಂದ ಹೊರಡಬೇಡಿ. ನಮ್ಮ ಜಮಾಅತ್‌ಗಳೂ ಯೋಚಿಸಬೇಕು. ಆಪರೇಷನ್‌ಗೆ ನಿಧಿ ಸಂಗ್ರಹಿಸುವ ನಾವು, ಬಡ ರೋಗಿಯ ಎರಡು ತಿಂಗಳ ಮೊಟ್ಟೆ, ಹಾಲು, ಬೇಳೆಗೂ ಅದರಲ್ಲೊಂದು ಪಾಲು ತೆಗೆದಿಡಬಾರದೇ? ಖಾಸಗಿ ಆಸ್ಪತ್ರೆಯ ಒಂದು ದಿನದ ಕೊಠಡಿ ಬಾಡಿಗೆಗಿಂತ ಒಂದು ತಿಂಗಳ ಮೊಟ್ಟೆಯ ಖರ್ಚು ಕಡಿಮೆ.

ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಕಾಣಿಸಿದರೆ, ಮೂರು ದಿನ ಮಲವಿಸರ್ಜನೆಯಾಗದಿದ್ದರೆ, ತಿಂದುದೆಲ್ಲ ವಾಂತಿಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಮೀನಖಂಡ ಊದಿ ನೋಯತೊಡಗಿದರೆ ಅಂದೇ ಕಾಣಬೇಕು. ಉಸಿರು ಕಟ್ಟಿದಂತಾದರೆ ಒಂದು ಕ್ಷಣವೂ ತಡಮಾಡಬಾರದು.

ಸಹೋದರ ಸಹೋದರಿಯರೇ, ನಮ್ಮಲ್ಲಿ ಇಂದು ಮನೆಗೆ ಮರಳಿ ಯಾರಾದರೂ ರೋಗಿಯ ಕೋಣೆಗೆ ಹೋಗುವವರಿದ್ದರೆ, ‘ಊಟವಾಯಿತೇ?’ ಎಂದು ಬಾಗಿಲಲ್ಲೇ ನಿಂತು ಕೇಳಿ ಹೊರಟುಹೋಗಬೇಡಿ. ಆ ಪ್ರಶ್ನೆಗೆ ಎಲ್ಲ ರೋಗಿಗಳೂ ಹೌದೆಂದೇ ಹೇಳುತ್ತಾರೆ. ಏನು ಉಂಡಿರಿ, ಎಷ್ಟು ಲೋಟ ನೀರು ಕುಡಿದಿರಿ ಎಂದು ಪಕ್ಕದಲ್ಲಿ ಕುಳಿತು ಕೇಳಿ. ಉತ್ತರ ಬರುವವರೆಗೂ ಏಳಬೇಡಿ. ಅಲ್ಲಾಹನು ನಮ್ಮ ರೋಗಿಗಳಿಗೆ ಸಂಪೂರ್ಣ ಗುಣವನ್ನೂ ಅವರ ಸೇವೆ ಮಾಡುವವರಿಗೆ ತಾಳ್ಮೆಯನ್ನೂ ಕರುಣಿಸಲಿ.